ಕೈಗೆ ಕೊಟ್ಟ ಮೇಲಿನ ಮೂರು ತಿಂಗಳು: ಗರ್ಭನಿರೋಧಕಗಳ ಬಗ್ಗೆ ಹೇಳಿಕೊಡುವುದು ಹೇಗೆ

ಮಾಲಾ-ಎನ್ ಮಾತ್ರೆ, ಛಾಯಾ ಮಾತ್ರೆ, ಅಂತರಾ ಚುಚ್ಚುಮದ್ದು, ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ, ನಿರೋಧ್ ಕಾಂಡೋಮ್, ಸಂತಾನಹರಣದ ಆಪರೇಷನ್. ಈ ಪಟ್ಟಿ ಇಲ್ಲಿ ಕುಳಿತಿರುವ ಆಶಾ ಕಾರ್ಯಕರ್ತೆಯರಿಗೂ ನರ್ಸುಗಳಿಗೂ ಬಾಯಿಪಾಠ. ಆರೋಗ್ಯ ಕೇಂದ್ರದ ಗೋಡೆಯ ಮೇಲೂ ಚಿತ್ರ ಸಮೇತ ಇದೆ. ಅದನ್ನೇ ಮತ್ತೆ ಓದಿ ಹೇಳುವುದಕ್ಕೆ ನಾವು ಇಷ್ಟು ಜನ ಸೇರಬೇಕಾಗಿರಲಿಲ್ಲ. ನಾನು ಕೇಳುವುದು ಬೇರೆ. ಒಪ್ಪಿಕೊಂಡು ತೆಗೆದುಕೊಂಡು ಹೋದ ಹೆಂಗಸು ಅದನ್ನು ಬಿಡುವುದು ಯಾವಾಗ? ಹೆಚ್ಚಾಗಿ ಮೊದಲ ಮೂರು-ನಾಲ್ಕು ತಿಂಗಳಲ್ಲಿ. ಯಾಕೆ ಬಿಡುತ್ತಾಳೆ? ಮುಟ್ಟು ಹಿಂದುಮುಂದಾಯಿತು, ಹದಿನೈದು ದಿನವಾದರೂ ರಕ್ತದ ಕಲೆ ನಿಲ್ಲಲಿಲ್ಲ, ವಾಕರಿಕೆ ಬಂತು, ಎರಡು ದಿನ ಮಾತ್ರೆ ಮರೆತುಹೋಯಿತು. ಇದರಲ್ಲಿ ಯಾವುದೂ ಅನಿರೀಕ್ಷಿತವಲ್ಲ. ನಮಗೆ ಮೊದಲೇ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ. ಹಾಗಾಗಿ ನಿಮಗೆ ಹತ್ತು ನಿಮಿಷ ಸಿಕ್ಕಿದರೆ ಅದನ್ನು ಆರು ವಿಧಾನಗಳಿಗೆ ಹಂಚಿ ಹಾಕಬೇಡಿ. ಎರಡು ನಿಮಿಷ ಅವಳನ್ನು ಕೇಳಿ, ಎರಡು ನಿಮಿಷ ಅವಳಿಗೆ ಹೊಂದುವ ಎರಡೋ ಮೂರೋ ವಿಧಾನ ಹೇಳಿ, ಉಳಿದ ಆರು ನಿಮಿಷವನ್ನು ಮನೆಗೆ ಹೋದ ಮೇಲೆ ಏನೇನು ಆಗುತ್ತದೆ, ಆಗ ಏನು ಮಾಡಬೇಕು ಎನ್ನುವುದಕ್ಕೆ ಇಟ್ಟುಕೊಳ್ಳಿ.

ಕೇಳುವುದು ಅಂದೆ. ಅತ್ತೆ ಪಕ್ಕದಲ್ಲಿ ಕುಳಿತಿರುವಾಗ ಕೇಳಿದರೆ ಉತ್ತರ ಅತ್ತೆಯದ್ದೇ ಬರುತ್ತದೆ. "ಅಕ್ಕ, ಬಿಪಿ ನೋಡಿಬಿಡುವ, ಈಚೆ ಬನ್ನಿ" ಎಂದು ಒಳಗೆ ಕರೆಯುವುದರಲ್ಲಿ ಮೋಸವೇನಿಲ್ಲ. ಮಾತ್ರೆ ಕೊಡುವ ಮೊದಲು ಬಿಪಿ ನೋಡಲೇಬೇಕಲ್ಲ. ಒಳಗೆ ಕೇಳಬೇಕಾದ್ದು ಇಷ್ಟು: ಇನ್ನೊಂದು ಮಗು ಬೇಕೋ, ಬೇಕಾದರೆ ಎಷ್ಟು ವರ್ಷ ಬಿಟ್ಟು? ಮಗುವಿಗೆ ಹಾಲು ಕುಡಿಸುತ್ತಿದ್ದೀರಾ, ಎಷ್ಟು ತಿಂಗಳ ಮಗು? ಕಳೆದ ಮುಟ್ಟಿನ ಮೊದಲ ದಿನ ಯಾವುದು? ಬಿಪಿ, ಫಿಟ್ಸ್, ಟಿಬಿಯ ಮಾತ್ರೆ ಏನಾದರೂ ಉಂಟೋ? ಒಂದೇ ಬದಿಗೆ ಬರುವ, ಬರುವ ಮೊದಲು ಕಣ್ಣಿಗೆ ಮಿಂಚಿನಂತೆ ಕಾಣುವ ತಲೆನೋವು ಉಂಟೋ? ಮತ್ತೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತಪ್ಪದೆ ಕೇಳಬೇಕಾದ ಇನ್ನೊಂದು: ಗಂಡ ಊರಲ್ಲಿದ್ದಾರೋ, ಗಲ್ಫಿನಲ್ಲೋ?

ಈ ಕೊನೆಯ ಪ್ರಶ್ನೆಯಿಂದ ಸಲಹೆಯೇ ಬದಲಾಗಿಬಿಡುತ್ತದೆ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರ ಮನೆಯಲ್ಲಿ ಏನಾಗುತ್ತದೆಂದರೆ, ಗಂಡ ಮಂಗಳೂರಲ್ಲೋ ಕಣ್ಣೂರಲ್ಲೋ ವಿಮಾನ ಇಳಿದ ದಿನ ಹೆಂಡತಿ ಮಾತ್ರೆ ಶುರು ಮಾಡುತ್ತಾಳೆ. ಮಾಲಾ-ಎನ್ ಆ ದಿನವೇ ಕೆಲಸ ಮಾಡುವುದಿಲ್ಲ. ಮುಟ್ಟು ಶುರುವಾದ 5 ದಿನದೊಳಗೆ ಆರಂಭಿಸಿದರೆ ಮಾತ್ರ ಮೊದಲಿನಿಂದಲೇ ರಕ್ಷಣೆ. ನಡುವೆ ಶುರು ಮಾಡಿದರೆ ಗರ್ಭ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೊದಲ 7 ದಿನ ಕಾಂಡೋಮ್ ಕೂಡ ಬೇಕು. ಆದ್ದರಿಂದ ಬರುವ ದಿನ ಗೊತ್ತಿದ್ದರೆ ಅದಕ್ಕಿಂತ ಹಿಂದಿನ ಮುಟ್ಟಿಗೇ ಶುರು ಮಾಡಲು ಹೇಳಿ. ಆರು ವಾರದ ರಜೆಗೆಂದು ಅಂತರಾ ಚುಚ್ಚುಮದ್ದು ಕೊಡುವುದು ನನ್ನ ಮಟ್ಟಿಗೆ ಬುದ್ಧಿವಂತಿಕೆಯಲ್ಲ. ಮೊದಲ ಮೂರು ತಿಂಗಳ ಏರುಪೇರು ಎಲ್ಲ ಆ ರಜೆಯಲ್ಲೇ ಬರುತ್ತದೆ. ಎರಡನೆಯ ಮಗುವಿಗೆ ಇನ್ನೂ ಕೆಲವು ವರ್ಷ ಇದೆ ಎನ್ನುವವರಿಗೆ ಕಾಪರ್-ಟಿ ಹಾಕಿಸಿಬಿಟ್ಟರೆ ಗಂಡ ಯಾವ ದಿನ ಬಂದರೂ ಲೆಕ್ಕ ಹಾಕಬೇಕಾಗಿಲ್ಲ.

ಮೊದಲ ದಿನದ ವಿಷಯ. ನಾವು ಕೇಳುವುದು ಸ್ರಾವ ಶುರುವಾದ ದಿನ. ಹಲವರು ಹೇಳುವುದು ತಲೆಸ್ನಾನ ಮಾಡಿದ ದಿನ. ನಾಲ್ಕೈದು ದಿನದ ವ್ಯತ್ಯಾಸ ಇಲ್ಲಿಯೇ ಬಿದ್ದುಹೋಗುತ್ತದೆ. "ಡೇಟ್ ಯಾವತ್ತು ಆಯಿತು" ಎಂದು ಕೇಳಿ ಬಿಡಬೇಡಿ, "ಮೊದಲು ರಕ್ತ ಕಂಡದ್ದು ಯಾವತ್ತು" ಎಂದು ಕೇಳಿ, ಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕುವುದನ್ನು ಅಭ್ಯಾಸ ಮಾಡಿಸಿ. ಮುಟ್ಟು ಇನ್ನೂ ಬಾರದಿರುವವಳು ಬಂದರೆ "ಮುಟ್ಟಾದ ಮೇಲೆ ಬನ್ನಿ" ಎಂದು ಕಳಿಸಬೇಡಿ. ಹಾಗೆ ಕಳಿಸಿದವರಲ್ಲಿ ಕೆಲವರು ಬರುವುದು ಗರ್ಭಿಣಿಯಾಗಿ. ಕೆಲವು ಪ್ರಶ್ನೆ ಕೇಳಿದರೆ ಸಾಕು: ಹೆರಿಗೆಯಾಗಿ 4 ವಾರದೊಳಗೋ? 6 ತಿಂಗಳೊಳಗಿನ ಮಗುವಿಗೆ ಎದೆಹಾಲು ಮಾತ್ರ ಕೊಡುತ್ತಾ ಮುಟ್ಟು ಇನ್ನೂ ಬಂದಿಲ್ಲವೋ? ಕಳೆದ ಮುಟ್ಟಿನ ನಂತರ ಸಂಪರ್ಕವೇ ಆಗಿಲ್ಲವೋ? ಮುಟ್ಟು ಶುರುವಾಗಿ 7 ದಿನದೊಳಗೋ? ಗರ್ಭಪಾತವಾಗಿ 7 ದಿನದೊಳಗೋ? ಬೇರೊಂದು ವಿಧಾನವನ್ನು ತಪ್ಪದೆ ಬಳಸುತ್ತಿದ್ದಾಳೋ? ಒಂದಕ್ಕಾದರೂ ಹೌದು ಎಂದು ಉತ್ತರ ಬಂದು, ಗರ್ಭದ ಲಕ್ಷಣ ಇಲ್ಲದಿದ್ದರೆ ಅವತ್ತೇ ಶುರು ಮಾಡಬಹುದು. ಇಲ್ಲದಿದ್ದರೆ ನಿಮ್ಮ ಚೀಲದಲ್ಲೇ ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್ ಇದೆಯಲ್ಲ.

ಇನ್ನು ಮಾಲಾ-ಎನ್. ಸ್ಟ್ರಿಪ್ಪಿನಲ್ಲಿ 28 ಮಾತ್ರೆ. 21 ಬಿಳಿ, ಅದರಲ್ಲಿ ಹಾರ್ಮೋನ್. ಉಳಿದ 7 ಬಣ್ಣದ್ದು, ಅದು ಬರೀ ಕಬ್ಬಿಣದ ಮಾತ್ರೆ. ಆ ಏಳನ್ನು ಯಾಕೆ ಇಟ್ಟಿದ್ದಾರೆ ಎಂದು ಹೇಳದಿದ್ದರೆ ಕೆಲವರು ಬಿಸಾಡುತ್ತಾರೆ. ಬಿಸಾಡಿದರೆ ಗರ್ಭ ನಿಲ್ಲುವುದಿಲ್ಲ, ಆದರೆ ದಿನದ ರೂಢಿ ತಪ್ಪುತ್ತದೆ. ಹೊಸ ಸ್ಟ್ರಿಪ್ ಎಂಟನೆಯ ದಿನ ಶುರುವಾಗಬೇಕಾದ್ದು ಹತ್ತನೆಯ ದಿನವಾಗುತ್ತದೆ. ಇಡೀ ತಿಂಗಳಲ್ಲಿ ಅತ್ಯಂತ ಅಪಾಯದ ಮರೆವು ಅದೇ. ಏಳು ದಿನ ಹಾರ್ಮೋನ್ ಇಲ್ಲದೆ ಅಂಡಾಶಯ ಎಚ್ಚರಾಗುವುದಕ್ಕೆ ಕಾದಿರುತ್ತದೆ. ಇನ್ನೆರಡು ದಿನ ಸಿಕ್ಕಿದರೆ ಅಂಡ ಬಿಡುಗಡೆಯಾಗಲೂಬಹುದು. "ಒಂದು ಸ್ಟ್ರಿಪ್ ಮುಗಿದ ಮರುದಿನವೇ ಇನ್ನೊಂದು" ಎನ್ನುವುದನ್ನು ಎರಡು ಸಲ ಹೇಳಿ. ಕೊಡುವಾಗಲೂ ಒಂದೇ ಸ್ಟ್ರಿಪ್ ಕೊಟ್ಟು ಕಳಿಸಬೇಡಿ.

ಮರೆತರೆ ಏನು? ಬಿಳಿ ಮಾತ್ರೆ ಒಂದೋ ಎರಡೋ ತಪ್ಪಿದರೆ, ನೆನಪಾದ ಕೂಡಲೇ ಒಂದು ನುಂಗಿ, ಆ ದಿನದ್ದನ್ನು ಆ ಹೊತ್ತಿಗೇ ನುಂಗುವುದು. ಒಂದೇ ದಿನ ಎರಡು ಆದರೂ ಹೆದರಬೇಕಾಗಿಲ್ಲ. ಮೂರು ಅಥವಾ ಹೆಚ್ಚು ತಪ್ಪಿದರೆ ಕೂಡಲೇ ಒಂದು ನುಂಗಿ ಮುಂದುವರಿಸಬೇಕು, 7 ದಿನ ಕಾಂಡೋಮ್ ಬಳಸಬೇಕು. ತಪ್ಪಿದ್ದು ಮೊದಲ ವಾರದಲ್ಲಾಗಿ, ಕಳೆದ 5 ದಿನದಲ್ಲಿ ಸಂಪರ್ಕವೂ ಆಗಿದ್ದರೆ ತುರ್ತು ಗರ್ಭನಿರೋಧಕ ಮಾತ್ರೆ ಬೇಕೋ ಎಂದು ಬಂದು ಕೇಳಬೇಕು. ಮೂರನೆಯ ವಾರದಲ್ಲಿ ತಪ್ಪಿದ್ದಾದರೆ ಬಿಳಿ ಮುಗಿಸಿ, ಕಬ್ಬಿಣದ ಏಳನ್ನು ಬಿಟ್ಟು, ಮರುದಿನವೇ ಹೊಸ ಸ್ಟ್ರಿಪ್. ಆ ತಿಂಗಳು ಮುಟ್ಟು ಬಾರದಿರಬಹುದು, ಅದನ್ನೂ ಮೊದಲೇ ಹೇಳಿ. ಕಬ್ಬಿಣದ ಮಾತ್ರೆ ತಪ್ಪಿದರೆ ಚಿಂತೆಯಿಲ್ಲ. ನುಂಗಿ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು.

ತಪ್ಪದೆ ನುಂಗಿದರೆ ವರ್ಷಕ್ಕೆ ನೂರರಲ್ಲಿ ಒಬ್ಬಳಿಗೂ ಗರ್ಭ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಜನ ನುಂಗುವ ರೀತಿಯಲ್ಲಿ ನುಂಗಿದರೆ ಸುಮಾರು 7 ಮಂದಿಗೆ ನಿಲ್ಲುತ್ತದೆ. ಮಾತ್ರೆ ಅದೇ. ನಡುವಿನ ವ್ಯತ್ಯಾಸ ಪೂರ್ತಿ ಮರೆವಿನದ್ದು, ಅಂದರೆ ಅರ್ಧ ಪಾಲು ನಾವು ಹೇಳಿಕೊಡದ್ದರದ್ದು. ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಮಾತ್ರೆಯನ್ನು ಗಂಟುಹಾಕಿಸಿ: ರಾತ್ರಿ ಹಲ್ಲುಜ್ಜುವುದು, ಬೀಡಿಯ ಕಟ್ಟು ಎಣಿಸಿ ಇಡುವುದು, ಏನಾದರೂ. ಬೆಳಗ್ಗೆ ಖಾಲಿ ಹೊಟ್ಟೆಗಿಂತ ರಾತ್ರಿ ಊಟದ ಮೇಲೆ ನುಂಗಿದರೆ ವಾಕರಿಕೆಯೂ ಕಡಿಮೆ. ರಂಜಾನ್ ತಿಂಗಳಲ್ಲಿ "ಉಪವಾಸ, ಮಾತ್ರೆ ಹೇಗೆ" ಎಂದು ಬಿಟ್ಟುಬಿಡುವವರಿದ್ದಾರೆ. ಉಪವಾಸ ಬಿಟ್ಟ ಮೇಲಿನ ಊಟಕ್ಕೆ ಹೊತ್ತು ಬದಲಾಯಿಸಲು ಒಂದು ವಾರ ಮೊದಲೇ ಹೇಳಿ. ದಿನವೂ ಅದೇ ಹೊತ್ತಿಗೆ ಆದರೆ ಸಾಕು.

ಯಾರಿಗೆ ಕೊಡಬಾರದು ಎನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮ್ಮ ಚೀಟಿಯಲ್ಲಿ ಇರುವುದೇ. ಎದೆಹಾಲು ಕುಡಿಸುವವರಿಗೆ 6 ತಿಂಗಳವರೆಗೆ ಬೇಡ. ಬಿಪಿ 140/90 ದಾಟಿದ್ದರೆ, 35 ದಾಟಿ ಹೊಗೆಬತ್ತಿ ಸೇದುವವರಾದರೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದಿದ್ದರೆ, ಮಿಂಚು ಕಾಣುವ ಮೈಗ್ರೇನ್ ಇದ್ದರೆ, ಜಾಂಡಿಸ್ ಇದ್ದರೆ, ಸ್ತನದ ಕ್ಯಾನ್ಸರ್ ಇದ್ದರೆ ಬೇಡ. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರಿಗೆ, ಫಿಟ್ಸಿಗೆ ಫೆನಿಟೋಯಿನ್ ಅಥವಾ ಕಾರ್ಬಮಾಝೆಪಿನ್ ತೆಗೆದುಕೊಳ್ಳುವವರಿಗೆ ಈ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಯಕೃತ್ತು ಅದನ್ನು ಬೇಗ ಕರಗಿಸಿಬಿಡುತ್ತದೆ. ಅವರಿಗೆ ಕಾಪರ್-ಟಿ ಅಥವಾ ಅಂತರಾ ಹೇಳಿ. ಮಾತ್ರೆಯಲ್ಲಿದ್ದಾಗ ಎದೆನೋವು, ಉಸಿರಾಟಕ್ಕೆ ತೊಂದರೆ, ಜೋರು ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲು ಬಾತು ನೋಯುವುದು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ. ಈ ಸಾಲನ್ನು ಮಾತ್ರ ಯಾವತ್ತೂ ಬಿಡಬೇಡಿ.

ಛಾಯಾ ಬೇರೆ ಜಾತಿಯ ಮಾತ್ರೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು, ನಮ್ಮ ದೇಶದ್ದೇ. ಪೇಟೆಯಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಬಂದದ್ದು 1991ರಲ್ಲಿ. ಇದರಲ್ಲಿ ಹಾರ್ಮೋನ್ ಇಲ್ಲ, ಹಾಲು ಕುಡಿಸುವವರೂ ತೆಗೆದುಕೊಳ್ಳಬಹುದು. ತಪ್ಪುವುದು ದಿನದ ಲೆಕ್ಕದಲ್ಲಿ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ನಾಲ್ಕನೆಯ ತಿಂಗಳಿನಿಂದ ವಾರಕ್ಕೆ ಒಂದು. ಹೀಗೆ ತೋರಿಸಿಕೊಡಿ. ಮುಟ್ಟು ಸೋಮವಾರ ಶುರುವಾಯಿತು ಎನ್ನಿ. ಅವತ್ತೇ ಮೊದಲ ಮಾತ್ರೆ, ಗುರುವಾರ ಎರಡನೆಯದು. ಮತ್ತೆ ಸೋಮವಾರ, ಗುರುವಾರ. ಮುಂದಿನ ಮುಟ್ಟು ಯಾವ ವಾರ ಬಂದರೂ ದಿನ ಬದಲಾಗುವುದಿಲ್ಲ. ಇದನ್ನು ಒತ್ತಿ ಹೇಳದಿದ್ದರೆ ಪ್ರತಿ ಮುಟ್ಟಿಗೂ ಹೊಸದಾಗಿ ಲೆಕ್ಕ ಶುರು ಮಾಡುತ್ತಾರೆ. ಮೂರು ತಿಂಗಳು ದಾಟಿದ ಮೇಲೆ ಗುರುವಾರ ಬಿಟ್ಟು ಬರೀ ಸೋಮವಾರ. ಮನೆಯ ಕ್ಯಾಲೆಂಡರಿನ ಮೂರು ಹಾಳೆಗಳಲ್ಲಿ ಸೋಮವಾರಕ್ಕೂ ಗುರುವಾರಕ್ಕೂ ಪೆನ್ನಿನಿಂದ ಗೆರೆ ಎಳೆದು, ನಾಲ್ಕನೆಯ ಹಾಳೆಯಲ್ಲಿ ಸೋಮವಾರಕ್ಕೆ ಮಾತ್ರ ಎಳೆದುಕೊಡಿ. ಆಶಾ ಮನೆಭೇಟಿಯಲ್ಲಿ ಐದು ನಿಮಿಷದ ಕೆಲಸ. ತಪ್ಪಿದರೆ ನೆನಪಾದ ಕೂಡಲೇ ನುಂಗಬೇಕು, ಮುಂದಿನ ಮುಟ್ಟಿನವರೆಗೆ ಕಾಂಡೋಮ್. ತಪ್ಪಿ 7 ದಿನ ಮೀರಿಹೋಗಿದ್ದರೆ ಮತ್ತೆ ಹೊಸಬಳಂತೆ ವಾರಕ್ಕೆರಡರಿಂದ ಶುರು. ಇದರ ಒಂದು ಗುಣ, ಮುಟ್ಟು ತಡವಾಗುವುದು. ಮೊದಲ ಕೆಲವು ತಿಂಗಳಲ್ಲಿ ಹಾಗಾದೀತು, ತಾನಾಗಿ ಸರಿಯಾಗುತ್ತದೆ. 15 ದಿನ ದಾಟಿದರೆ ಮೂತ್ರ ಪರೀಕ್ಷೆ. ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ (ಪಿಸಿಒಡಿ) ಇರುವವರಿಗೂ ಇತ್ತೀಚೆಗೆ ಜಾಂಡಿಸ್ ಆಗಿದ್ದವರಿಗೂ ಛಾಯಾ ಬೇಡ.

ಅಂತರಾ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ದೂರು ಜಾಸ್ತಿ ಬರುವುದು ಇದಕ್ಕೇ. 150 ಮಿಲಿಗ್ರಾಂ, ತೋಳಿನ ಅಥವಾ ಪೃಷ್ಠದ ಸ್ನಾಯುವಿಗೆ ಆಳವಾಗಿ, ಮೂರು ತಿಂಗಳಿಗೊಮ್ಮೆ. ನರ್ಸುಗಳು ವಯಲ್ ಚೆನ್ನಾಗಿ ಕುಲುಕದೆ ಎಳೆಯಬಾರದು, ತಳದಲ್ಲಿ ಮದ್ದು ಉಳಿದುಬಿಡುತ್ತದೆ. ಚುಚ್ಚಿದ ಜಾಗವನ್ನು ಉಜ್ಜಬಾರದು, ಬಿಸಿನೀರಿನ ಶಾಖ ಕೊಡಬಾರದು. ಮದ್ದು ಬೇಗ ಕರಗಿಹೋಗಿ ಮೂರು ತಿಂಗಳು ಬರುವುದಿಲ್ಲ. ಇದನ್ನು ಬಾಣಂತಿಯ ತಾಯಿಗೂ ಹೇಳಿ. ಬಾಣಂತನದಲ್ಲಿ ಮೈಗೆ ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು ನಮ್ಮಲ್ಲಿ ದಿನದ ಕ್ರಮ. ಎಣ್ಣೆ ತಿಕ್ಕುವವರಿಗೆ ಆ ಜಾಗ ಬಿಟ್ಟು ತಿಕ್ಕಿ ಎಂದು ಹೇಳುವವರು ಯಾರು?

ಈಗ ಸ್ರಾವದ ವಿಷಯ. ಅಂತರಾ ತೆಗೆದುಕೊಂಡವಳಿಗೆ ಮೊದಲ ಮೂರರಿಂದ ಆರು ತಿಂಗಳು ಯಾವಾಗ ಬೇಕಾದರೂ ಕಲೆ ಕಾಣಬಹುದು. ಪುಸ್ತಕದಲ್ಲಿ ಇದಕ್ಕೆ ಸಣ್ಣ ತೊಂದರೆ ಎಂದು ಬರೆದಿರುತ್ತದೆ. ನಮ್ಮ ಮನೆಗಳಲ್ಲಿ ಅದು ಸಣ್ಣದಲ್ಲ. ಹಿಂದೂ ಮನೆಗಳಲ್ಲಿ ಕಲೆ ಕಂಡಷ್ಟು ದಿನ ದೇವರ ಕೋಣೆ ಇಲ್ಲ, ಕೆಲವು ಮನೆಗಳಲ್ಲಿ ಅಡುಗೆಮನೆಯೂ ಇಲ್ಲ, ನಾಗಬನದ ಹತ್ತಿರ ಸುಳಿಯುವಂತಿಲ್ಲ. ಮುಸ್ಲಿಂ ಮನೆಗಳಲ್ಲಿ ನಮಾಜಿನ, ಉಪವಾಸದ ಪ್ರಶ್ನೆ ಬರುತ್ತದೆ. ಇಪ್ಪತ್ತು ದಿನ ಹೀಗಾದರೆ ಇಡೀ ಮನೆಗೆ ವಿಷಯ ಗೊತ್ತಾಗುತ್ತದೆ, ಗುಟ್ಟಾಗಿ ತೆಗೆದುಕೊಂಡಿದ್ದರೆ ಗುಟ್ಟು ಹೊರಬೀಳುತ್ತದೆ. ಅದನ್ನು ನೇರವಾಗಿ ಕೇಳಿಬಿಡಿ: "ಹದಿನೈದು-ಇಪ್ಪತ್ತು ದಿನ ಕಲೆ ಕಂಡರೆ ನಿಮ್ಮ ಮನೆಯಲ್ಲಿ ಏನಾಗುತ್ತದೆ? ಸಂಭಾಳಿಸಬಹುದೋ?" ಆಗುವುದಿಲ್ಲ ಎಂದರೆ ಬೇರೆ ವಿಧಾನ ಹೇಳಿ. ಒಪ್ಪಿಸಿ ಚುಚ್ಚಿ ಎರಡನೆಯ ಡೋಸಿಗೆ ಅವಳನ್ನು ಕಳೆದುಕೊಳ್ಳುವುದರಲ್ಲಿ ಏನು ಲಾಭ?

ಆಮೇಲೆ ಬರುವುದು ತದ್ವಿರುದ್ಧ ದೂರು: ಮುಟ್ಟೇ ನಿಂತುಹೋಯಿತು. ವರ್ಷ ಕಳೆಯುವ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಗೆ ಹೀಗಾಗುತ್ತದೆ. ಕೆಟ್ಟ ರಕ್ತ ಒಳಗೇ ನಿಂತು ಗಡ್ಡೆಯಾಗುತ್ತದೆ ಎನ್ನುವ ಹೆದರಿಕೆ ತುಂಬ ಆಳದ್ದು. "ಹಾಗೇನಿಲ್ಲ" ಎಂದು ತಳ್ಳಿಹಾಕಿದರೆ ಹೋಗುವುದಿಲ್ಲ. ಕಾರಣ ಹೇಳಿ. ಮುಟ್ಟಿನಲ್ಲಿ ಹೊರಬರುವುದು ಗರ್ಭಕೋಶದ ಒಳಪದರ. ತಿಂಗಳು ತಿಂಗಳು ಅದು ದಪ್ಪಗೆ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ಬೀಳುತ್ತದೆ. ಅಂತರಾದಲ್ಲಿ ಆ ಪದರ ಬೆಳೆಯುವುದೇ ಇಲ್ಲ. ಬೆಳೆಯದ್ದು ಬೀಳುವುದಕ್ಕಿಲ್ಲ, ಒಳಗೆ ಕೂಡುವುದಕ್ಕೂ ಇಲ್ಲ. ರಕ್ತಹೀನತೆ ಇರುವವಳಿಗೆ ಇದು ಅನುಕೂಲವೇ.

ಮುಂದಿನ ಡೋಸು ಎರಡು ವಾರ ಮೊದಲೂ ಕೊಡಬಹುದು, ನಾಲ್ಕು ವಾರ ತಡವಾದರೂ ಕೊಡಬಹುದು. ಅದಕ್ಕೂ ಮೀರಿದರೆ ಗರ್ಭ ಇಲ್ಲವೆಂದು ನೋಡಿಕೊಂಡು ಕೊಟ್ಟು, 7 ದಿನ ಕಾಂಡೋಮ್. ಈ ವಿನಾಯಿತಿ ನಮಗೆ ಬಹಳ ಮುಖ್ಯ. ನಮ್ಮಲ್ಲಿ ಹೆರಿಗೆ ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ, ಬಾಣಂತನ ಪೆರ್ಲದಲ್ಲೋ ಬದಿಯಡ್ಕದಲ್ಲೋ ತಾಯಿಮನೆಯಲ್ಲಿ, ಮೂರನೆಯ ತಿಂಗಳಿಗೆ ಗಂಡನ ಮನೆ ಉಪ್ಪಳದಲ್ಲಿ. ಮೊದಲ ಡೋಸು ಹಾಲು ಕುಡಿಸುವವರಿಗೆ 6 ವಾರದ ಮೇಲೆ, ಅಂದರೆ ಮಗುವಿನ ಪೆಂಟಾವಲೆಂಟ್ ಮೊದಲ ಚುಚ್ಚುಮದ್ದಿನ ಜೊತೆಗೇ ಕೊಟ್ಟುಬಿಡಬಹುದು. ಎರಡನೆಯದು ಬೀಳುವುದು ಅವಳು ಮನೆ ಬದಲಾಯಿಸಿದ ಮೇಲೆ. "ಮೂರು ತಿಂಗಳಾದ ಮೇಲೆ ಇಲ್ಲಿಗೇ ಬನ್ನಿ" ಎಂದರೆ ಬರುವುದಿಲ್ಲ. ಆಗ ಎಲ್ಲಿರುತ್ತೀರಿ ಎಂದು ಕೇಳಿ, ಕಾರ್ಡಿನಲ್ಲಿ ದಿನಾಂಕ ಅಂಕಿಯಲ್ಲಿ ಬರೆದು, ಅಲ್ಲಿಯ ಆಶಾಗೆ ಫೋನ್ ಮಾಡಿ. ಕಾರ್ಡು ಮಲಯಾಳದಲ್ಲಿ, ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಓದುವವಳಿಗೆ ಕನ್ನಡ ಮಾತ್ರ ಬರುವುದು: ಇದು ಇಲ್ಲಿ ದಿನನಿತ್ಯದ್ದು. ಅಂಕಿಯನ್ನು ಎಲ್ಲರೂ ಓದುತ್ತಾರೆ.

ಬೇಗ ಇನ್ನೊಂದು ಮಗು ಬೇಕೆನ್ನುವವರಿಗೆ ಅಂತರಾ ಬೇಡ. ಕೊನೆಯ ಡೋಸಿನಿಂದ ಗರ್ಭ ನಿಲ್ಲುವುದಕ್ಕೆ 7ರಿಂದ 10 ತಿಂಗಳು ಹಿಡಿಯಬಹುದು. ಇದನ್ನು ಹೇಳದೆ ಕೊಟ್ಟರೆ ಬಂಜೆಯಾದಳು ಎಂಬ ಸುದ್ದಿ ಊರಿಡೀ ಹರಡುತ್ತದೆ, ಆಮೇಲೆ ಆ ಊರಲ್ಲಿ ಅಂತರಾದ ಹೆಸರೆತ್ತುವಂತಿಲ್ಲ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಆದರೆ ದೈವಗಳ ನೇಮ, ಒತ್ತೆಕೋಲ, ಗೃಹಪ್ರವೇಶ ಶುರುವಾಯಿತೆಂದರೆ ನಿಮಗೆಲ್ಲ ಬರುವ ಪ್ರಶ್ನೆ ಇದು: ಮುಟ್ಟು ಮುಂದೆ ಹಾಕುವ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಸಿಗುವುದು ನೊರೆಥಿಸ್ಟೆರೋನ್, 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರು. ನಿಲ್ಲಿಸಿದ ಎರಡು-ಮೂರು ದಿನಕ್ಕೆ ಮುಟ್ಟು ಬರುತ್ತದೆ. ಹಿಂದಿನ ದಿನ ಶುರು ಮಾಡಿದರೆ ಪ್ರಯೋಜನವಿಲ್ಲ. ಇದು ಗರ್ಭನಿರೋಧಕ ಅಲ್ಲ ಎನ್ನುವುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಮುಟ್ಟು ನಿಂತಿದೆಯಲ್ಲ, ಗರ್ಭವೂ ನಿಲ್ಲುವುದಿಲ್ಲ ಎಂದುಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟಿದ್ದವರು ಇದನ್ನು ತೆಗೆದುಕೊಳ್ಳಬಾರದು. ಮಾಲಾ-ಎನ್ ನುಂಗುತ್ತಿರುವವಳಿಗಂತೂ ಬೇರೆ ಮಾತ್ರೆಯೇ ಬೇಡ. ಕಬ್ಬಿಣದ ಏಳನ್ನು ಬಿಟ್ಟು ಹೊಸ ಸ್ಟ್ರಿಪ್ಪಿನ ಬಿಳಿ ಮಾತ್ರೆ ಶುರು ಮಾಡಿದರೆ ಮುಟ್ಟು ಅಷ್ಟು ದಿನ ಮುಂದೆ ಹೋಗುತ್ತದೆ, ರಕ್ಷಣೆಯೂ ಇರುತ್ತದೆ.

ಕಾಪರ್-ಟಿಗೆ ಬರೋಣ. ಒಂದು ಚಿತ್ರ ಬರೆಯಿರಿ, ಸುಂದರವಾಗಬೇಕೆಂದಿಲ್ಲ: ಗರ್ಭಕೋಶ, ಎರಡು ನಾಳ, ಕೆಳಗೆ ಗರ್ಭಕೊರಳು, ಅದರ ಕೆಳಗೆ ಯೋನಿ. ಗರ್ಭಕೋಶ ಎಷ್ಟು ದೊಡ್ಡದೆಂದು ಅವಳ ಮುಷ್ಟಿಯನ್ನೇ ತೋರಿಸಿ. ಕಾಪರ್-ಟಿ ಮೇಲಕ್ಕೆ ಹೋಗಿ ಎದೆಗೆ ಸಿಕ್ಕಿಕೊಳ್ಳುತ್ತದೆ ಎನ್ನುವ ಮಾತು ಈ ಚಿತ್ರದ ಮುಂದೆ ನಿಲ್ಲುವುದಿಲ್ಲ, ಅಲ್ಲಿಂದ ಎದೆಗೆ ದಾರಿಯೇ ಇಲ್ಲ. ಹಾಕುವಾಗ ಗರ್ಭಕೋಶದ ಗೋಡೆ ತೂತಾಗುವುದು ಉಂಟು, ಸಾವಿರದಲ್ಲಿ ಒಂದೆರಡು, ಅದನ್ನು ಮುಚ್ಚಿಡಬೇಕಾಗಿಲ್ಲ. 380ಎ ಎಂಬ ಮಾದರಿ ಹತ್ತು ವರ್ಷ ಬರುತ್ತದೆ, 375 ಎಂಬುದು ಐದು ವರ್ಷ. ಮೊದಲ ಮೂರು ತಿಂಗಳು ಸ್ರಾವವೂ ಹೊಟ್ಟೆನೋವೂ ಜಾಸ್ತಿ, ಆಮೇಲೆ ಕಡಿಮೆಯಾಗುತ್ತದೆ. ಮೊದಲೇ ಹಿಮೋಗ್ಲೋಬಿನ್ ನೋಡಿ, ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಜೊತೆಗೇ ಶುರು ಮಾಡಿಸಿ.

ಹೆರಿಗೆಯಾಗಿ 48 ಗಂಟೆಯೊಳಗೆ ಹಾಕುವುದಿದೆಯಲ್ಲ, ಅದರ ಮಾತು ಗರ್ಭಿಣಿಯಾಗಿರುವಾಗಲೇ ಆಗಬೇಕು. ನೋವು ಬಂದು ಮಲಗಿದವಳ ಹತ್ತಿರ ಸಹಿ ಹಾಕಿಸಿಕೊಳ್ಳುವುದು ಒಪ್ಪಿಗೆಯಲ್ಲ. 48 ಗಂಟೆ ದಾಟಿದರೆ ಮತ್ತೆ ಆರು ವಾರ ಕಾಯಬೇಕು. ಹೀಗೆ ಹಾಕಿದ್ದು ಜಾರಿ ಹೊರಬರುವ ಸಂಭವ ಮಾಮೂಲಿಗಿಂತ ಹೆಚ್ಚು. ಆದ್ದರಿಂದ ಪ್ಯಾಡಿನಲ್ಲಿ ನೋಡಿಕೊಳ್ಳಲು ಹೇಳಿ, ಆರನೆಯ ವಾರ ತಪ್ಪದೆ ಪರೀಕ್ಷೆ ಮಾಡಿಸಿ. ಕಾಪರ್-ಟಿಯ ತುದಿಯ ದಾರ ಮೊದಲು ಕಾಣುವುದಿಲ್ಲ, ಗರ್ಭಕೋಶ ಕುಗ್ಗಿದಂತೆ ಕೆಳಗೆ ಇಳಿಯುತ್ತದೆ. ಕಾಪರ್-ಟಿ ಇದ್ದೂ ಮುಟ್ಟು ತಪ್ಪಿದರೆ, ಹೊಟ್ಟೆ ಕೆಳಗೆ ಜೋರು ನೋವು ಬಂದರೆ, ಜ್ವರದ ಜೊತೆ ವಾಸನೆಯ ಬಿಳಿಸೆರಗು ಬಂದರೆ, ದಾರ ಸಿಗದಿದ್ದರೆ ಅಥವಾ ಉದ್ದವಾದರೆ ಕಾಯಬಾರದು.

ಹಾಲು ಕುಡಿಸುತ್ತಿದ್ದರೆ ಗರ್ಭ ನಿಲ್ಲುವುದಿಲ್ಲ ಎನ್ನುವುದು ಅರ್ಧ ಸತ್ಯ. ಮೂರೂ ಸರಿಯಿರಬೇಕು: ಮಗುವಿಗೆ ಆರು ತಿಂಗಳು ಆಗಿರಬಾರದು, ಮುಟ್ಟು ಬಂದಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು, ಹಾಲು ಕುಡಿಸುವುದರಲ್ಲೂ ಹಗಲು ನಾಲ್ಕು ಗಂಟೆಗಿಂತ, ರಾತ್ರಿ ಆರು ಗಂಟೆಗಿಂತ ಹೆಚ್ಚು ಅಂತರ ಇರಬಾರದು. ನಾಲ್ಕನೆಯ ತಿಂಗಳಿಗೆ ಅಜ್ಜಿ ರಾಗಿ ಮಣ್ಣಿ ಶುರು ಮಾಡಿದ ದಿನ ಈ ರಕ್ಷಣೆ ಮುಗಿಯಿತು. ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆಯಾಗುತ್ತದೆ, ಮುಟ್ಟೇ ಕಾಣದೆ ಎರಡನೆಯದು ನಿಂತವರು ನಿಮ್ಮ ರಿಜಿಸ್ಟರಿನಲ್ಲೇ ಇರುತ್ತಾರೆ. ಹಾಲು ಕುಡಿಸದವರಿಗೆ ಹೆರಿಗೆಯಾದ ನಾಲ್ಕು ವಾರಕ್ಕೇ ಸಾಧ್ಯತೆ ಶುರು. ಗರ್ಭಪಾತವಾದವರಿಗೆ ಇನ್ನೂ ಬೇಗ, ಹತ್ತು-ಹನ್ನೊಂದು ದಿನಕ್ಕೇ.

ಕಾಂಡೋಮ್ ತೋರಿಸಲು ನಾಚಿಕೆಪಟ್ಟು ಬೆರಳಿಗೆ ಹಾಕಿ ತೋರಿಸಬೇಡಿ. ಕೇಂದ್ರದಲ್ಲಿ ಮರದ ಮಾದರಿ ಇದ್ದರೆ ಅದನ್ನೇ ಮೇಜಿನ ಮೇಲಿಡಿ. ದಿನಾಂಕ ನೋಡುವುದು, ಪೊಟ್ಟಣದೊಳಗೆ ಅದನ್ನು ಒಂದು ಬದಿಗೆ ಸರಿಸಿ ಹರಿಯುವುದು, ತುದಿ ಚಿವುಟಿ ಗಾಳಿ ತೆಗೆದು ಬುಡದವರೆಗೆ ಬಿಡಿಸುವುದು, ಆದ ಕೂಡಲೇ ಬುಡ ಹಿಡಿದು ಹೊರತೆಗೆಯುವುದು. ನಮ್ಮಲ್ಲಿ ಹರಿಯುವುದಕ್ಕೆ ದೊಡ್ಡ ಕಾರಣ ತೆಂಗಿನೆಣ್ಣೆ. ಎಣ್ಣೆ ತಾಗಿದರೆ ಲೇಟೆಕ್ಸ್ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಎರಡನೆಯ ಕಾರಣ ಸೆಕೆ: ಪರ್ಸಿನಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬಳಸಲು ಯೋಗ್ಯವಲ್ಲ. ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ 13 ಮಂದಿಗೆ ಗರ್ಭ ನಿಲ್ಲುತ್ತದೆ. ಕಡಿಮೆಯೇನಲ್ಲ. ಆದರೆ ಲೈಂಗಿಕ ಸೋಂಕು ತಡೆಯುವುದು ಇದೊಂದೇ, ಆದ್ದರಿಂದ ಬೇರೆ ವಿಧಾನದ ಜೊತೆಗೂ ಬೇಕಾಗುತ್ತದೆ.

ಹರಿದರೆ ತುರ್ತು ಮಾತ್ರೆ. ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಮಾತ್ರೆ, 72 ಗಂಟೆಯೊಳಗೆ, ಎಷ್ಟು ಬೇಗ ಅಷ್ಟು ಒಳ್ಳೆಯದು. ಅದು ಅಂಡ ಬಿಡುಗಡೆಯನ್ನು ಮುಂದೂಡುತ್ತದೆ, ನಿಂತ ಗರ್ಭವನ್ನು ತೆಗೆಯುವುದಿಲ್ಲ. ನುಂಗಿದ ಮರುದಿನದ ಸಂಪರ್ಕಕ್ಕೆ ರಕ್ಷಣೆಯೂ ಇಲ್ಲ. ಮುಟ್ಟು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಬೇಕು. ಮೆಡಿಕಲ್ ಶಾಪಿನಲ್ಲಿ ಇದರ ಬದಲು ಗರ್ಭಪಾತದ ಕಿಟ್ ಕೇಳಿ ಒಯ್ಯುವವರಿದ್ದಾರೆ. ಅದು ಬೇರೆಯೇ ಮದ್ದು, ವೈದ್ಯರು ನೋಡಿ 9 ವಾರದೊಳಗೆ ಕೊಡುವಂಥದ್ದು. ಗರ್ಭ ನಾಳದಲ್ಲಿದ್ದರೆ ಆ ಕಿಟ್ ಕೆಲಸ ಮಾಡುವುದಿಲ್ಲ, ನಾಳ ಒಡೆದು ಜೀವಕ್ಕೇ ಬರುತ್ತದೆ.

ಆಪರೇಷನ್ ಎಂದ ಕೂಡಲೇ ನಾವೆಲ್ಲ ಹೆಂಗಸಿನ ಕಡೆಗೇ ನೋಡುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದಂಪತಿಗಳಲ್ಲಿ ಹೆಂಗಸರ ಆಪರೇಷನ್ ಆದದ್ದು ಶೇ. 37.9, ಗಂಡಸರದ್ದು ಶೇ. 0.3. ಹಿಂದೆ ಹೀಗಿರಲಿಲ್ಲ. ಇದೇ ಕೇರಳದ ಎರ್ನಾಕುಳಂನಲ್ಲಿ 1971ರ ಜುಲೈ ತಿಂಗಳ ಒಂದೇ ಶಿಬಿರದಲ್ಲಿ 60 ಸಾವಿರಕ್ಕೂ ಹೆಚ್ಚು ಗಂಡಸರು ಆಪರೇಷನ್ ಮಾಡಿಸಿಕೊಂಡಿದ್ದರು. ಆಮೇಲೆ ತುರ್ತು ಪರಿಸ್ಥಿತಿಯ ಕಾಲದ ಒತ್ತಾಯ ಬಂತು, ಗಂಡಸರು ದೂರವಾದರು. ಈಗಿನದ್ದಕ್ಕೆ ಬ್ಲೇಡಿನ ಗಾಯವೂ ಇಲ್ಲ, ಹೊಲಿಗೆಯೂ ಇಲ್ಲ, ಅವತ್ತೇ ಮನೆಗೆ. ತೋಟದ ಕೆಲಸ ಮಾಡುವವರಿಗೆ ಎರಡು ದಿನ ವಿಶ್ರಾಂತಿ, ಅಡಕೆ ಮರ ಹತ್ತುವುದು, ಭಾರ ಹೊರುವುದು ಒಂದು ವಾರ ಬೇಡ. ಬಲ ಕುಂದುವುದಿಲ್ಲ, ವೃಷಣವನ್ನು ಮುಟ್ಟುವುದೇ ಇಲ್ಲ, ಹಾರ್ಮೋನ್ ಹಾಗೆಯೇ ಇರುತ್ತದೆ. ಹೇಳದೆ ಬಿಡುವ ಒಂದು ವಿಷಯದಿಂದ ಇದಕ್ಕೆ ಕೆಟ್ಟ ಹೆಸರು ಬರುತ್ತದೆ: ನಾಳದಲ್ಲಿ ಮೊದಲೇ ಇರುವ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಷ್ಟರವರೆಗೆ ಕಾಂಡೋಮ್, ಆಮೇಲೆ ವೀರ್ಯ ಪರೀಕ್ಷೆ. ಪರೀಕ್ಷೆಯಾಗದೆ ಎರಡನೆಯ ತಿಂಗಳಿಗೆ ಹೆಂಡತಿಗೆ ಗರ್ಭ ನಿಂತರೆ ಆ ಮನೆಯಲ್ಲಿ ಸಂಶಯ ಬೀಳುವುದು ಅವಳ ಮೇಲೆ. ಇದನ್ನು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿ. ಮತ್ತೆ, ಇಬ್ಬರಲ್ಲಿ ಯಾರ ಆಪರೇಷನ್ನಿಗೂ ಇನ್ನೊಬ್ಬರ ಸಹಿ ಕಡ್ಡಾಯವಲ್ಲ.

ಹೇಳಿದ್ದು ತಲುಪಿದೆಯೋ ಎಂದು ತಿಳಿಯುವುದು ಹೇಗೆ? "ಗೊತ್ತಾಯಿತಾ?" ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. "ಅಕ್ಕ, ನಾನು ಸರಿಯಾಗಿ ಹೇಳಿದೆನೋ ನೋಡುವ. ನಾಳೆ ರಾತ್ರಿ ಮರೆತುಹೋಯಿತು, ನಾಡಿದ್ದು ಬೆಳಗ್ಗೆ ನೆನಪಾಯಿತು. ಏನು ಮಾಡುತ್ತೀರಿ?" ಎಂದು ಕೇಳಿ. ಸ್ಟ್ರಿಪ್ ಅವಳ ಕೈಯಲ್ಲಿರಲಿ, ಬೆರಳಿಟ್ಟು ತೋರಿಸಲಿ. ತಪ್ಪಿದರೆ ಪೂರ್ತಿ ಪಾಠ ಮತ್ತೆ ಬೇಡ, ತಪ್ಪಿದ ಅಷ್ಟನ್ನು ಹೇಳಿ ಮತ್ತೊಮ್ಮೆ ಕೇಳಿ. ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ ಮಾತಾಡುವವಳು ಅದೇ ಮಾತಲ್ಲಿ ಉತ್ತರ ಹೇಳಲಿ. ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಒಂದು ಫೋನ್. ಆಗ "ತೊಂದರೆ ಇದೆಯಾ" ಎಂದು ಕೇಳದೆ "ಕಲೆ ಎಷ್ಟು ದಿನ ಕಂಡಿತು, ಎಷ್ಟು ಮಾತ್ರೆ ಉಳಿದಿದೆ" ಎಂದು ಕೇಳಿ.

ಕೊನೆಗೆ, ಬೇಡ ಎಂದು ಬಂದವಳ ವಿಷಯ. ಕಾಪರ್-ಟಿ ತೆಗೆಯಿರಿ ಎಂದವಳನ್ನು "ಇನ್ನೂ ಎರಡು ತಿಂಗಳು ನೋಡಿ" ಎಂದು ಮೂರು ಸಲ ವಾಪಸು ಕಳಿಸುವುದು ಸರಿಯಲ್ಲ. ಕಾರಣ ಕೇಳಿ, ಸ್ರಾವವಾದರೆ ಮದ್ದು ಇದೆ ಎಂದು ಒಮ್ಮೆ ಹೇಳಿ, ಆದರೂ ಬೇಡವೆಂದರೆ ತೆಗೆದುಕೊಡಿ. ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಈಗ ಮಗು ಬೇಕೋ? ಬೇಡವಾದರೆ ಕಳೆದ 7 ದಿನದಲ್ಲಿ ಸಂಪರ್ಕ ಆಗಿದೆಯೋ? ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು. ಇವತ್ತು ತೆಗೆದರೆ ಮೊನ್ನೆಯ ಸಂಪರ್ಕದಿಂದ ಗರ್ಭ ನಿಲ್ಲಬಹುದು. ಅಂಥವರಿಗೆ ಇವತ್ತೇ ಮಾತ್ರೆ ಶುರು ಮಾಡಿಸಿ, ಏಳು ದಿನ ಕಾಂಡೋಮ್ ಬಳಸಲು ಹೇಳಿ, ಎಂಟನೆಯ ದಿನ ಬರಲಿ, ತೆಗೆಯೋಣ.